ಖಾಲಿ ಸೆಕೆಂಡುಗಳು ಯಾರಿಗೆ? ಕಾಲೇಜು ಫುಟ್‌ಬಾಲ್‌ನಲ್ಲಿ ಬ್ಯಾಂಡ್ ಮತ್ತು ಸ್ಪೀಕರ್

ಅಮೆರಿಕದ ಕಾಲೇಜು ಫುಟ್‌ಬಾಲ್ ಮ್ಯಾಚ್ ಗಡಿಯಾರದ ಲೆಕ್ಕದಲ್ಲಿ 60 ನಿಮಿಷದ್ದು. 15 ನಿಮಿಷದ ನಾಲ್ಕು ಕ್ವಾರ್ಟರ್, ಅಷ್ಟೇ. ಆದರೆ ಮಧ್ಯಾಹ್ನ ಒಳಗೆ ಹೋಗಿ ಕೂತವರು ಎದ್ದು ಹೊರಗೆ ಬರುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತದೆ. ಎಷ್ಟೋ ಸಲ ಮೂರೂವರೆಯೇ ಆಗಿರುತ್ತದೆ. ಮಿಕ್ಕ ಹೊತ್ತೆಲ್ಲ ಎಲ್ಲಿ ಹೋಯಿತು?

ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಇದು ತುಂಡು ತುಂಡಾಗಿ ನಡೆಯುತ್ತದೆ. ಚೆಂಡು ಕೈಗೆ ಬಂತು, ಐದಾರು ಸೆಕೆಂಡ್ ನುಗ್ಗಾಟ, ಯಾರೋ ಕೆಳಗೆ ಬಿದ್ದರು, ಸೀಟಿ. ಮುಂದಿನ ತುಂಡು ಶುರು ಮಾಡಲು ತಂಡಕ್ಕೆ 40 ಸೆಕೆಂಡ್‌ವರೆಗೆ ಸಮಯ ಇರುತ್ತದೆ. ಇದರ ಮೇಲೆ ಟೈಮ್‌ಔಟ್, ಯಾರಿಗೋ ಪೆಟ್ಟು, ರೆಫರಿಗಳು ವಿಡಿಯೋ ನೋಡಿ ತೀರ್ಮಾನ ಕೊಡುವ ಹೊತ್ತು, ಟಿವಿ ಜಾಹೀರಾತಿಗೆಂದೇ ಬಿಡುವ ವಿರಾಮ. ನಡುವೆ 20 ನಿಮಿಷದ ಹಾಫ್‌ಟೈಮ್ ಬೇರೆ. ಟಿವಿ ಮುಂದೆ ಕೂತವನಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸ್ಟೇಡಿಯಂನಲ್ಲಿ ಕೂತವನಿಗೆ ಮಾತ್ರ ಕಣ್ಣೆದುರು ಏನೂ ನಡೆಯದ ಹೊತ್ತೇ ಜಾಸ್ತಿ.

ಟ್ರಂಪೆಟ್, ಡ್ರಮ್ ಹಿಡಿದ ಮುನ್ನೂರು ವಿದ್ಯಾರ್ಥಿಗಳ ಕಾಲೇಜು ಬ್ಯಾಂಡ್ ನುಡಿಸಬೇಕೋ, ಸ್ಪೀಕರ್‌ನಲ್ಲಿ ಹಾಡು ಹಾಕಬೇಕೋ ಅನ್ನುವ ಜಗಳ ಇರುವುದು ಈ ಖಾಲಿ ಹೊತ್ತಿಗಾಗಿ. ಸುಮಾರು ನೂರು ವರ್ಷ ಅದು ಬ್ಯಾಂಡಿನ ಪಾಲಾಗಿತ್ತು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಿಧಾನವಾಗಿ ಕೈ ಬದಲಾಗುತ್ತಿದೆ. ಹಳಬರು ಬ್ಯಾಂಡ್ ಬೇಕು ಅಂತಾರೆ, ಹೊಸಬರು ಹಿಪ್‌ಹಾಪ್ ಬೇಕು ಅಂತಾರೆ ಅಂತ ಇದನ್ನು ಸುಮ್ನೆ ವಯಸ್ಸಿನ ಜಗಳ ಮಾಡಿಬಿಡುವುದುಂಟು. ಬ್ಯಾಂಡಿನಲ್ಲಿ ನುಡಿಸುವವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು ಅನ್ನೋದು ನೆನಪಾದರೆ ಆ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಕವಾಯತಿನಿಂದ ಮೈದಾನಕ್ಕೆ

ಇಷ್ಟು ದೊಡ್ಡ ಬ್ಯಾಂಡ್ ಕಾಲೇಜಿಗೆ ಬಂದದ್ದಾದರೂ ಹೇಗೆ? ಅಮೆರಿಕದ ಸರ್ಕಾರ 1862ರಲ್ಲಿ ಮೊರಿಲ್ ಕಾಯ್ದೆ ತಂದಿತು. ರಾಜ್ಯಗಳಿಗೆ ಜಮೀನು ಕೊಡುತ್ತೇವೆ, ಅದನ್ನು ಮಾರಿ ಬಂದ ದುಡ್ಡಲ್ಲಿ ಕಾಲೇಜು ನಡೆಸಿ, ಕೃಷಿ ಮತ್ತು ಯಂತ್ರವಿದ್ಯೆ ಕಲಿಸಿ, ಜೊತೆಗೆ ಸೈನಿಕ ತರಬೇತಿಯನ್ನೂ ಕೊಡಿ ಅನ್ನುವುದು ಅದರ ಷರತ್ತು. ಪರ್ಡ್ಯೂ, ಒಹಾಯೊ ಸ್ಟೇಟ್, ಇಲಿನಾಯ್, ಟೆಕ್ಸಸ್ ಎ ಆಂಡ್ ಎಂ ಎಲ್ಲ ಈ ಕಾಯ್ದೆಯ ಕೂಸುಗಳು. ಇವತ್ತು ಬೆಂಗಳೂರು, ಮೈಸೂರಿನ ಹುಡುಗರು ಎಂಎಸ್ ಮಾಡಲು ಹೋಗುವ ಕ್ಯಾಂಪಸ್‌ಗಳು ಇವೇ.

ಕವಾಯತು ಅಂದ ಮೇಲೆ ಹೆಜ್ಜೆ ಹಾಕಿಸಲು ಡ್ರಮ್ ಬೇಕಲ್ಲ. ಒಹಾಯೊ ಸ್ಟೇಟ್‌ನಲ್ಲಿ 1878ರಲ್ಲಿ ಸಣ್ಣ ಕೊಳಲು ಮತ್ತು ಡ್ರಮ್ಮಿನ ತಂಡ ಶುರುವಾಯಿತು. ಪರ್ಡ್ಯೂನಲ್ಲಿ 1886ರಲ್ಲಿ ಐದೇ ಜನರ ಡ್ರಮ್ ತಂಡ. ಹೊತ್ತಿಗೆ ಸರಿಯಾಗಿ ಕಾಲೇಜುಗಳ ನಡುವೆ ಫುಟ್‌ಬಾಲ್ ಹುಚ್ಚು ಹಬ್ಬಿತು. ಹೇಗೂ ಸಮವಸ್ತ್ರ ಇದೆ, ವಾದ್ಯ ಇದೆ, ಸಾಲಾಗಿ ನಡೆಯುವ ಅಭ್ಯಾಸ ಇದೆ. ಬ್ಯಾಂಡು ಮೈದಾನಕ್ಕೆ ಬಂತು.

ಮೊದಮೊದಲು ಸೈನ್ಯದ ಹಾಗೆ ನೇರ ಸಾಲಲ್ಲಿ ನಡೆದು ನುಡಿಸುವುದಷ್ಟೇ ಇತ್ತು. 1907ರಲ್ಲಿ ಪರ್ಡ್ಯೂ ಬ್ಯಾಂಡ್ ಸಾಲು ಮುರಿದು ಮೈದಾನದಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರ ಆಗಿ ನಿಂತಿತು. ಆಮೇಲೆ ಎಲ್ಲರೂ ಆಕಾರ ಕಟ್ಟತೊಡಗಿದರು. ಇದರಲ್ಲಿ ಹೆಸರಾದದ್ದು ಒಹಾಯೊ ಸ್ಟೇಟ್ ಬ್ಯಾಂಡ್ 1936ರಿಂದ ಬರೆಯುತ್ತಿರುವ ‘ಒಹಾಯೊ’. ಇಡೀ ಬ್ಯಾಂಡ್ ಒಬ್ಬರ ಹಿಂದೊಬ್ಬರು ಸಾಲಾಗಿ, ನುಡಿಸುತ್ತಲೇ ನಡೆದು, ಆ ಹೆಸರನ್ನು ಕೂಡುಬರಹದಲ್ಲಿ ಹುಲ್ಲಿನ ಮೇಲೆ ಬರೆಯುತ್ತದೆ. ಕೊನೆಗೆ ಒಂದು ಅಕ್ಷರದ ಮೇಲಿನ ಚುಕ್ಕೆ ಬಾಕಿ. ಮೈಗೆ ಸುತ್ತಿಕೊಳ್ಳುವ ದೊಡ್ಡ ಸೂಸಫೋನ್ ಹೊತ್ತ ಒಬ್ಬರು ಕಾಲೆತ್ತಿ ಗತ್ತಿನಿಂದ ನಡೆದುಬಂದು ಆ ಜಾಗದಲ್ಲಿ ನಿಲ್ಲುತ್ತಾರೆ. ಟೋಪಿ ತೆಗೆದು ಎರಡೂ ಕಡೆಗೆ ಬಾಗುತ್ತಾರೆ. ಒಬ್ಬ ಮನುಷ್ಯ ಚುಕ್ಕೆಯಾಗಿ ನಿಂತದ್ದಕ್ಕೆ ಒಂದು ಲಕ್ಷ ಜನ ಕಿರುಚುತ್ತಾರೆ. ಕೇಳಿದರೆ ತಮಾಷೆ ಅನಿಸಬಹುದು. ಆದರೆ ಆ ಚುಕ್ಕೆಯಾಗಲು ವರ್ಷಗಟ್ಟಲೆ ಬ್ಯಾಂಡಿನಲ್ಲಿ ದುಡಿದು ಹಿರಿಯರಾಗಿರಬೇಕು.

ಇದರ ಜೊತೆಗೆ ಪ್ರತಿ ಕಾಲೇಜಿಗೂ ಅದರದೇ ಹಾಡು ಬಂತು. ಫೈಟ್ ಸಾಂಗ್ ಅನ್ನುತ್ತಾರೆ. 1898ರಲ್ಲಿ ಮಿಶಿಗನ್ ತಂಡ ಶಿಕಾಗೊ ತಂಡವನ್ನು 12-11ರಿಂದ ಕೂದಲೆಳೆಯಲ್ಲಿ ಸೋಲಿಸಿತು. ಆ ಗೆಲುವಿನ ಗುಂಗಲ್ಲಿ ಲೂಯಿಸ್ ಎಲ್ಬೆಲ್ ಅನ್ನುವ ವಿದ್ಯಾರ್ಥಿ ಕಟ್ಟಿದ ‘ದಿ ವಿಕ್ಟರ್ಸ್’ ಇವತ್ತಿಗೂ ಅಲ್ಲಿ ಮೊಳಗುತ್ತಲೇ ಇರುತ್ತದೆ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆರೆ ದಾಟಿಸಿ ಅಂಕ ಗಳಿಸುವುದು) ಆದರೆ ಅದೇ, ತಂಡ ಒಳಗೆ ಬಂದರೂ ಅದೇ. ಎದುರಾಳಿ ಊರಿನವರಿಗೆ ಆ ಟ್ಯೂನ್ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಅದೂ ಅದರ ಕೆಲಸವೇ.

ಮೂರನೇ ಒಂದು ಸೆಕೆಂಡಿನ ಸಮಸ್ಯೆ

ಈಗ ಸ್ವಲ್ಪ ಲೆಕ್ಕ. ಇದು ಗೊತ್ತಾದರೆ ಬ್ಯಾಂಡ್ ಮಾಡುವ ಕೆಲಸ ಎಷ್ಟು ಕಷ್ಟದ್ದು ಅಂತ ತಿಳಿಯುತ್ತದೆ. ಸ್ಪೀಕರ್ ಯಾಕೆ ಸುಲಭವಾಗಿ ಗೆಲ್ಲುತ್ತದೆ ಅನ್ನೋದೂ ತಿಳಿಯುತ್ತದೆ.

ಮೈದಾನದ ಉದ್ದ, ಎರಡೂ ತುದಿಯ ಎಂಡ್ ಝೋನ್ ಸೇರಿ, 120 ಗಜ. ಹೆಚ್ಚುಕಡಿಮೆ 110 ಮೀಟರ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಗಾಗಿ ಈ ತುದಿಯಲ್ಲಿ ಹೊಡೆದ ಡ್ರಮ್ ಆ ತುದಿಗೆ ಕೇಳುವುದು ಮೂರನೇ ಒಂದು ಸೆಕೆಂಡ್ ತಡವಾಗಿ. ಅಷ್ಟೇ ತಾನೇ ಅನಿಸುತ್ತದೆ. ಆದರೆ ನಿಮಿಷಕ್ಕೆ 120 ಬೀಟ್ ಇರುವ ಟ್ಯೂನಿನಲ್ಲಿ ಎರಡು ಬೀಟ್‌ಗಳ ನಡುವೆ ಇರುವುದೇ ಅರ್ಧ ಸೆಕೆಂಡ್. ಆ ತುದಿಯವನು ಕಿವಿಗೆ ಬಿದ್ದದ್ದಕ್ಕೆ ತಾಳ ಹಾಕಿದರೆ ಅರ್ಧ ಬೀಟಿಗಿಂತ ಜಾಸ್ತಿ ಹಿಂದೆ ಬಿದ್ದಿರುತ್ತಾನೆ. ಅವನ ಸದ್ದು ತಿರುಗಿ ಈ ಕಡೆಗೆ ಬರುವಷ್ಟರಲ್ಲಿ ಇನ್ನಷ್ಟು ತಡ. ಮುನ್ನೂರು ಜನ ಹೀಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದರೆ ಹಾಡು ಚಿಂದಿ.

ಅದಕ್ಕೆ ಬ್ಯಾಂಡಿನವರಿಗೆ ಮೊದಲ ವಾರವೇ ಕಲಿಸುವ ಪಾಠ: ಕಿವಿಯನ್ನು ಎಲ್ಲ ಕಡೆ ನಂಬಬೇಡ. ಎತ್ತರದ ಅಟ್ಟಣೆಯ ಮೇಲೆ ನಿಂತು ಕೈ ಆಡಿಸುವ ಡ್ರಮ್ ಮೇಜರ್‌ನ ಕೈ ನೋಡು. ಬೆಳಕಿಗೆ ತಡ ಇಲ್ಲ. ಜೊತೆಗೆ, ಡ್ರಮ್ಮಿನವರನ್ನು ಆದಷ್ಟು ಮಧ್ಯದಲ್ಲಿ, ಹಿಂದೆ ಇಡುತ್ತಾರೆ. ಮುಂದೆ ನಿಂತವರು ಬೆನ್ನ ಹಿಂದಿನಿಂದ ಬರುವ ಡ್ರಮ್ ಸದ್ದಿಗೆ ಸೇರಿಸಿ ನುಡಿಸಬೇಕು. ಆಗ ಹಿಂದಿನ ಸದ್ದು, ಮುಂದಿನ ಸದ್ದು ಎರಡೂ ಒಟ್ಟಿಗೆ ಗ್ಯಾಲರಿ ತಲುಪುತ್ತವೆ. ಡ್ರಮ್ಮಿನ ಹಿಂದೆ ಸಿಕ್ಕಿಕೊಂಡವರ ಪಾಡು ಬೇರೆ. ಅವರು ಕೇಳಿಸಿದ್ದನ್ನು ಮರೆತು ಕೈಯನ್ನೇ ನಂಬಬೇಕು.

ಇಷ್ಟೂ ಹೊತ್ತು ಕಾಲು ಸುಮ್ಮನಿರುವ ಹಾಗಿಲ್ಲ. ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಬಿಳಿ ಗೆರೆ ಇರುತ್ತದೆ. ಹೆಚ್ಚಿನ ಬ್ಯಾಂಡ್‌ಗಳು ಐದು ಗಜವನ್ನು ಎಂಟು ಹೆಜ್ಜೆಯಲ್ಲಿ ದಾಟುತ್ತವೆ. ಒಂದು ಹೆಜ್ಜೆ 22.5 ಇಂಚು, ಅಂದರೆ 57 ಸೆಂಟಿಮೀಟರ್. ಆರಡಿ ಹುಡುಗನಿಗೂ ಐದಡಿ ಹುಡುಗಿಗೂ ಅದೇ ಅಳತೆ. ಎಂಟನೇ ಹೆಜ್ಜೆಗೆ ಪಾದ ಗೆರೆಯ ಮೇಲೇ ಬೀಳಬೇಕು. ಬಾಯಲ್ಲಿ ಟ್ರಂಪೆಟ್, ಕಣ್ಣು ಡ್ರಮ್ ಮೇಜರ್ ಮೇಲೆ, ಗೆರೆ ನೋಡಲು ತಲೆ ಬಗ್ಗಿಸುವಂತಿಲ್ಲ. ವಾದ್ಯಗಳನ್ನೂ ಇದಕ್ಕೆಂದೇ ಬದಲಿಸಿದ್ದಾರೆ. ಫ್ರೆಂಚ್ ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ನುಡಿಸಿದರೆ ಸದ್ದು ಬೆನ್ನ ಹಿಂದೆ ಹೋಗುತ್ತದೆ. ಹಾಗಾಗಿ ಮುಂದಕ್ಕೆ ಬಾಯಿ ಇರುವ ಮೆಲೊಫೋನ್ ಬಂತು. ಟ್ಯೂಬಾ ಹೊತ್ತು ನಡೆಯುವುದು ಕಷ್ಟ. ಅದರ ಬದಲು ಹೆಗಲ ಮೇಲೆ ಕೂರುವ ಸೂಸಫೋನ್. ನವೆಂಬರ್ ಚಳಿಯಲ್ಲಿ ಹಿತ್ತಾಳೆ ವಾದ್ಯದ ಸ್ವರ ಇಳಿಯುತ್ತದೆ, ವಾಲ್ವ್‌ಗಳು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಒಂದು ವಿಷಯ ಹೇಳಲೇಬೇಕು, ಇವರಲ್ಲಿ ಹೆಚ್ಚಿನವರು ಸಂಗೀತದ ವಿದ್ಯಾರ್ಥಿಗಳಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಅಕೌಂಟ್ಸ್ ಓದುವವರು. ಸಿಗುವುದು ಒಂದೆರಡು ಕ್ರೆಡಿಟ್.

ಹಾಫ್‌ಟೈಮ್ ಮುಗಿದ ಮೇಲೆ ಬ್ಯಾಂಡ್ ಗ್ಯಾಲರಿಗೆ ವಾಪಸ್ ಬಂದು ಒಂದು ಮೂಲೆಯಲ್ಲಿ ಕೂರುತ್ತದೆ. ಸ್ಪೀಕರ್ ಗೆಲ್ಲುವುದು ಇಲ್ಲೇ. ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಮೇಲೆ ಛಾವಣಿ ಇಲ್ಲ. ಒಂದು ಮೂಲೆಯಲ್ಲಿ ಮುನ್ನೂರು ಜನ ಊದಿದರೆ ಪಕ್ಕದವರ ಕಿವಿ ಗಡಚಿಕ್ಕುತ್ತದೆ. ಎದುರು ಮೂಲೆಯವರಿಗೆ ಟ್ರಂಪೆಟ್‌ನ ಮೇಲಿನ ಸ್ವರ ಒಂದಿಷ್ಟು ತೇಲಿಬರುತ್ತದೆ, ಕೆಳಗಿನ ಸ್ವರ ಆಕಾಶದ ಪಾಲು. ಸ್ಪೀಕರ್‌ಗೆ ಈ ತಾಪತ್ರಯ ಕಡಿಮೆ. ಸ್ಟೇಡಿಯಂ ತುಂಬ ಅಲ್ಲಲ್ಲಿ ಹಂಚಿಟ್ಟು, ಪ್ರತಿಯೊಂದಕ್ಕೂ ಬೇಕಾದಷ್ಟು ಮಿಲಿಸೆಕೆಂಡ್ ತಡ ಕೊಟ್ಟು ಹೊಂದಿಸಬಹುದು. ಬೇಸ್ ಎದೆಗೆ ಬಡಿಯುವ ಹಾಗೆ ಮಾಡಬಹುದು. ಬರೀ ಜೋರು ಬೇಕು ಅನ್ನುವವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ. ಆ ಸ್ಪರ್ಧೆಯಲ್ಲಿ ಬ್ಯಾಂಡ್ ಸೋತಿದೆ.

ಯಾವ ಕ್ಷಣಕ್ಕೆ ಯಾವ ಸದ್ದು

ಮದುವೆ ಮನೆಯಲ್ಲಿ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ ವಾಲಗದವರು ನುಡಿಸುತ್ತಿದ್ದ ರಾಗ ಅಲ್ಲಿಗೇ ಬಿಟ್ಟು ಡೋಲು ಬಾರಿಸಿ ಏರಿಬಿಡುತ್ತಾರಲ್ಲ, ಕಾಲೇಜು ಬ್ಯಾಂಡು ಮ್ಯಾಚ್ ಪೂರ್ತಿ ಮಾಡುವುದು ಅದನ್ನೇ. ಹಾಫ್‌ಟೈಮ್ ಶೋ ಕಣ್ಣಿಗೆ ಕಾಣುತ್ತದೆ. ಈ ಕೆಲಸ ಯಾರ ಗಮನಕ್ಕೂ ಬರುವುದಿಲ್ಲ.

ಬ್ಯಾಂಡ್ ಮಾಸ್ತರರು ಆಟದ ಕಡೆ ಮುಖ, ಬ್ಯಾಂಡಿನ ಕಡೆ ಕೈ ಇಟ್ಟುಕೊಂಡು ನಿಂತಿರುತ್ತಾರೆ. ಕಿವಿಗೆ ಹೆಡ್‌ಸೆಟ್. ಆ ಕಡೆಯಿಂದ ಮೇಲಿನ ಕೋಣೆಯಲ್ಲಿ ಕೂತವರು ಮಾತಾಡುತ್ತಿರುತ್ತಾರೆ: ಈಗ ಜಾಹೀರಾತು, ಮುಂದಿನದು ಬ್ಯಾಂಡ್, ಅದರ ಮುಂದಿನದು ಡಿಜೆ. ಬ್ಯಾಂಡಿನ ಹತ್ತಿರ ಹತ್ತು ಸೆಕೆಂಡಿನ ತುಣುಕುಗಳ ದೊಡ್ಡ ರಾಶಿಯೇ ಇರುತ್ತದೆ. ತಂಡ ಹತ್ತು ಗಜ ಮುಂದೆ ಹೋದರೆ ಒಂದು, ಎದುರಾಳಿ ಚೆಂಡು ಕೈಬಿಟ್ಟರೆ ಇನ್ನೊಂದು. ನಿಯಮ ಮುರಿದರು ಅಂತ ರೆಫರಿ ಹಳದಿ ಬಟ್ಟೆ ಎಸೆದರೆ ನುಡಿಸುತ್ತಿದ್ದದ್ದು ಆ ಬೀಟಿಗೇ ನಿಲ್ಲಬೇಕು.

ಡಿಜೆ ಇದನ್ನು ಮಾಡಲಾರನೇ? ಮಾಡಬಹುದು. ಈಗಿನ ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಸಾಕು, ಬ್ಯಾಂಡಿಗಿಂತ ಬೇಗ. ಹಾಗಾಗಿ ಬ್ಯಾಂಡಿನ ಪರ ಮಾತಾಡುವವರು "ಯಂತ್ರಕ್ಕೆ ಜೀವ ಇಲ್ಲ" ಅಂತ ಶುರು ಮಾಡಿದರೆ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಆ ಮಾತು ಹಳೆಯದು ಬೇರೆ. ಮಾರ್ಚ್ ಸಂಗೀತದ ದೊಡ್ಡ ಹೆಸರು ಜಾನ್ ಫಿಲಿಪ್ ಸೂಸ 1906ರಲ್ಲೇ ಧ್ವನಿಮುದ್ರಿತ ಸಂಗೀತವನ್ನು ಬೈದು ಬರೆದಿದ್ದ. ಅವನೇ ನಡೆಸುತ್ತಿದ್ದ ಸೈನ್ಯದ ಬ್ಯಾಂಡ್ ಅದಕ್ಕೂ ಹದಿನೈದು ವರ್ಷ ಮುಂಚೆಯೇ ಕೊಲಂಬಿಯ ಕಂಪನಿಗೆ ರೆಕಾರ್ಡ್ ಮಾಡಿಕೊಟ್ಟಿತ್ತು ಅನ್ನೋದು ಬೇರೆ ಕತೆ.

ನನ್ನ ತಕರಾರು ಬೇರೆ. ಸ್ಪೀಕರ್ ಹಾಡಿನ ಪಟ್ಟಿ ಎಲ್ಲ ಊರಲ್ಲೂ ಒಂದೇ. ಅದೇ ಹತ್ತಿಪ್ಪತ್ತು ಹಾಡು, ಅದೇ ಹತ್ತು ಸೆಕೆಂಡ್ ತುಂಡು. ಬಾಸ್ಕೆಟ್‌ಬಾಲ್ ಮ್ಯಾಚಿಗೂ ಅದೇ. ಕಣ್ಣು ಮುಚ್ಚಿ ಕೂತರೂ ಯಾವ ಊರಲ್ಲಿದ್ದೇನೆ ಅಂತ ಗೊತ್ತಾಗುವ ಆಟ ಕಾಲೇಜು ಫುಟ್‌ಬಾಲ್. ಅದನ್ನು ತಾವಾಗಿಯೇ ಕಳೆದುಕೊಳ್ಳುವುದು ಜಾಣತನ ಅಲ್ಲ.

ಇದಕ್ಕೂ ಅಪವಾದ ಇದೆ. ವರ್ಜೀನಿಯ ಟೆಕ್ ತಂಡ 2000ದಿಂದ ಮೆಟಾಲಿಕ ಅನ್ನುವ ರಾಕ್ ತಂಡದ ‘ಎಂಟರ್ ಸ್ಯಾಂಡ್‌ಮ್ಯಾನ್’ ರೆಕಾರ್ಡಿಗೆ ಮೈದಾನಕ್ಕೆ ಬರುತ್ತದೆ. ಗಿಟಾರ್ ಶುರುವಾದರೆ ಇಡೀ ಲೇನ್ ಸ್ಟೇಡಿಯಂ ನಿಂತಲ್ಲೇ ಜಿಗಿಯುತ್ತದೆ. ಈ ಜಿಗಿತ ಮೊದಲು ಶುರುವಾದದ್ದು ಚಳಿಗೆ ಮೈ ಬೆಚ್ಚಗೆ ಮಾಡಿಕೊಳ್ಳಲು ಕುಣಿದ ಬ್ಯಾಂಡ್ ಹುಡುಗರಿಂದಲೇ ಅಂತ ಅಲ್ಲಿ ಹೇಳುತ್ತಾರೆ. 2025ರ ಮೇ ತಿಂಗಳಲ್ಲಿ ಮೆಟಾಲಿಕದವರೇ ಅಲ್ಲಿಗೆ ಬಂದು ಆ ಹಾಡು ನುಡಿಸಿದಾಗ ವಿಶ್ವವಿದ್ಯಾಲಯದ ಭೂಕಂಪ ಮಾಪಕದಲ್ಲಿ ಅದು ದಾಖಲಾಯಿತು.

ವಿಸ್ಕಾನ್ಸಿನ್‌ನ ಕ್ಯಾಂಪ್ ರಾಂಡಲ್ ಸ್ಟೇಡಿಯಂ ಇನ್ನೂ ಸ್ವಾರಸ್ಯದ್ದು. ಅಲ್ಲಿ 1998ರಿಂದ ಮೂರನೇ ಕ್ವಾರ್ಟರ್ ಮುಗಿದ ಕೂಡಲೇ ‘ಜಂಪ್ ಅರೌಂಡ್’ ರೆಕಾರ್ಡ್ ಹಾಕುತ್ತಾರೆ. 2003ರಲ್ಲಿ ಸ್ಟೇಡಿಯಂ ರಿಪೇರಿ ನಡೆಯುತ್ತಿತ್ತು, ಆ ಹಾಡಿಗೆ ಜನ ಒಟ್ಟಿಗೆ ಜಿಗಿದರೆ ಕಟ್ಟಡ ತಡೆಯಲಿಕ್ಕಿಲ್ಲ ಅಂತ ಹೆದರಿ ಹಾಡು ನಿಲ್ಲಿಸಿದರು. ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರು. ಎಂಜಿನಿಯರ್‌ಗಳು ಏನೂ ಆಗಲ್ಲ ಅಂದ ಮೇಲೆ ಹಾಡು ವಾಪಸ್ ಬಂತು. ತಮಾಷೆ ಅಂದರೆ ಅದೇ ಸ್ಟೇಡಿಯಂನಲ್ಲಿ ದಶಕಗಳ ಹಿಂದೆ ಇದೇ ಭಯ ಬ್ಯಾಂಡಿನಿಂದಲೂ ಹುಟ್ಟಿತ್ತು. ಒಂದು ಬಿಯರ್ ಜಾಹೀರಾತಿನ ಟ್ಯೂನನ್ನು ಬ್ಯಾಂಡ್ ನುಡಿಸಿದರೆ ಜನ ಕುಣಿದು ಮೇಲಿನ ಅಂತಸ್ತು ಓಲಾಡುತ್ತಿತ್ತು. ಕೊನೆಗೆ ಅದನ್ನು ಮ್ಯಾಚ್ ಮುಗಿದ ಮೇಲೆ ನುಡಿಸುವ ‘ಐದನೇ ಕ್ವಾರ್ಟರ್’ಗೆ ತಳ್ಳಿದರು. ಸೋತರೂ ಗೆದ್ದರೂ ಆ ಐದನೇ ಕ್ವಾರ್ಟರ್ ಇರುತ್ತದೆ. ಇದನ್ನೆಲ್ಲ ಬೆಳೆಸಿದ ಮೈಕೆಲ್ ಲೆಕ್ರೋನ್ ಐವತ್ತು ವರ್ಷ ಆ ಬ್ಯಾಂಡ್ ನಡೆಸಿ 2019ರಲ್ಲಿ ನಿವೃತ್ತರಾದರು. ಒಂದೇ ಸ್ಟೇಡಿಯಂನಲ್ಲಿ ರೆಕಾರ್ಡೂ ಇದೆ, ಬ್ಯಾಂಡೂ ಇದೆ, ಎರಡಕ್ಕೂ ತನ್ನ ಹೊತ್ತು ಇದೆ. ಒಂದು ಹಾಡು ಒಂದೇ ಊರಿನದ್ದಾಗಿ, ಒಂದೇ ಹೊತ್ತಿಗೆ ಬಂದರೆ ಅದು ರೆಕಾರ್ಡ್ ಆದರೂ ಸಂಪ್ರದಾಯವೇ ಆಗುತ್ತದೆ ಅಲ್ವಾ?

ಗದ್ದಲಕ್ಕೆ ಕಾನೂನೂ ಇದೆ. ಎದುರಾಳಿ ತಂಡ ಆಟ ಶುರು ಮಾಡಲು ಸಾಲಾಗಿ ನಿಂತಾಗ ಅವರ ಆಟ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಕೂಗಿ ಸೂಚನೆ ಕೊಡುತ್ತಿರುತ್ತಾನೆ. ಆಗ ಬ್ಯಾಂಡಾಗಲಿ ಸ್ಪೀಕರ್ ನಡೆಸುವವರಾಗಲಿ ಸದ್ದು ಮಾಡಿ ಅಡ್ಡಿಪಡಿಸುವಂತಿಲ್ಲ. ಜನ ಕಿರುಚಬಹುದು, ಅದಕ್ಕೆ ತಡೆ ಇಲ್ಲ. ಬಹಳ ವರ್ಷ ಸ್ಪೀಕರ್ ಮೇಲೆ ಕಟ್ಟುನಿಟ್ಟು ಜಾಸ್ತಿ ಇತ್ತು. ದಕ್ಷಿಣದ ದೊಡ್ಡ ಕಾಲೇಜುಗಳ ಕೂಟ ಎಸ್‌ಇಸಿ 2014ರಲ್ಲಿ ಅದನ್ನು ಸಡಿಲಿಸಿತು. ಚೆಂಡಿನ ಮೇಲೆ ಆಟಗಾರ ಬಗ್ಗಿ ನಿಂತಾಗಿನಿಂದ ಸೀಟಿ ಬೀಳುವ ತನಕ ಸುಮ್ಮನಿದ್ದರೆ ಸಾಕು, ಮಿಕ್ಕ ಹೊತ್ತು ಹಾಡು ಹಾಕಿಕೊಳ್ಳಿ ಅಂದಿತು. ತುಂಡು ಆಟಗಳ ನಡುವಿನ ಆ ಪುಟ್ಟ ಬಿಡುವುಗಳಿಗೆ ಸ್ಪೀಕರ್ ನುಗ್ಗಿದ್ದು ಹೀಗೆ.

ದುಡ್ಡು, ಹಕ್ಕು

ಬ್ಯಾಂಡ್ ದುಬಾರಿ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಮುನ್ನೂರು ಜನರ ಸಮವಸ್ತ್ರ, ವಾದ್ಯ, ಊಟ. ಪರ ಊರಿಗೆ ಹೋದರೆ ಬಸ್ಸು, ಹೋಟೆಲ್. 2012ರ ಸೆಪ್ಟೆಂಬರ್‌ನಲ್ಲಿ ಮಿಶಿಗನ್ ತಂಡ ಟೆಕ್ಸಸ್‌ನಲ್ಲಿ ಅಲಬಾಮ ವಿರುದ್ಧ ಆಡಬೇಕಿತ್ತು. ಬ್ಯಾಂಡ್ ಕರೆದೊಯ್ಯಲು ಸುಮಾರು 4 ಲಕ್ಷ ಡಾಲರ್ ಆಗುತ್ತದೆ ಅಂತ ಅಂದಾಜು ಬಂತು. ಕ್ರೀಡಾ ವಿಭಾಗ ಕೊಡಲ್ಲ ಅಂದಿತು. ಹಳೆ ವಿದ್ಯಾರ್ಥಿಗಳು ರೊಚ್ಚಿಗೆದ್ದರು, ದಾನಿಗಳು ಮುಂದೆ ಬಂದರು, ಕೊನೆಗೆ ಬ್ಯಾಂಡ್ ಹೋಯಿತು. ಸ್ಪೀಕರ್ ಮಾತ್ರ ಖರ್ಚಿನ ಜೊತೆಗೆ ವರಮಾನವನ್ನೂ ತರುತ್ತದೆ. ಅದೇ ಸ್ಪೀಕರ್‌ನಲ್ಲಿ, ಅದೇ ದೊಡ್ಡ ಪರದೆಯಲ್ಲಿ ಬ್ಯಾಂಕು, ಪಿಜ್ಜಾ, ಕಾರಿನ ಜಾಹೀರಾತು ಓಡುತ್ತದೆ. ಖಾಲಿ ಸೆಕೆಂಡುಗಳಿಗೆ ಬೆಲೆ ಬಂದ ಮೇಲೆ ಬ್ಯಾಂಡ್ ಅಲ್ಲಿ ಬಾಡಿಗೆ ಕೊಡದ ಒಕ್ಕಲಾಗಿಬಿಟ್ಟಿತು. ಟಿವಿಯವರಂತೂ ಹಾಫ್‌ಟೈಮ್‌ನಲ್ಲಿ ಬ್ಯಾಂಡ್ ತೋರಿಸುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ಸ್ಟುಡಿಯೋದಲ್ಲಿ ಕೂತವರ ವಿಶ್ಲೇಷಣೆಗೆ ಹೋಗುತ್ತಾರೆ.

ಹಾಡಿನ ಹಕ್ಕಿನ ವಿಚಾರದಲ್ಲಿ ಒಂದು ವಿಚಿತ್ರ ಇದೆ. ಅಮೆರಿಕದಲ್ಲಿ ಸ್ಟೇಡಿಯಂನಲ್ಲಿ ಹಾಡು ಹಾಕಲು ಆಸ್ಕ್ಯಾಪ್, ಬಿಎಂಐ ಮುಂತಾದ ಸಂಸ್ಥೆಗಳಿಂದ ಪರವಾನಗಿ ಬೇಕು. ಆ ದುಡ್ಡು ಹಾಡು ಬರೆದವರಿಗೆ, ಅವರ ಪ್ರಕಾಶಕರಿಗೆ ಹೋಗುತ್ತದೆ. ಹಾಡಿದವರಿಗೆ, ರೆಕಾರ್ಡ್ ಕಂಪನಿಗೆ ಇದರಲ್ಲಿ ಪಾಲಿಲ್ಲ. ಅಲ್ಲಿಯ ಕಾನೂನು ಧ್ವನಿಮುದ್ರಣಕ್ಕೆ ಆ ಹಕ್ಕು ಕೊಟ್ಟಿರುವುದು ಡಿಜಿಟಲ್ ಪ್ರಸಾರಕ್ಕೆ ಮಾತ್ರ. ನಮ್ಮಲ್ಲಿ ಹಾಗಲ್ಲ, ಸಮಾರಂಭಗಳಲ್ಲಿ ರೆಕಾರ್ಡ್ ಹಾಕಿದರೆ ರೆಕಾರ್ಡ್ ಕಂಪನಿಗಳ ಪರ ದುಡ್ಡು ವಸೂಲಿ ಮಾಡುವ ಪಿಪಿಎಲ್‌ನವರು ಲೈಸೆನ್ಸ್ ಕೇಳುವುದು ಹೋಟೆಲ್, ಕಲ್ಯಾಣಮಂಟಪ ನಡೆಸುವವರಿಗೆ ಗೊತ್ತು. ಅಮೆರಿಕದ ಬ್ಯಾಂಡಿಗೆ ಇನ್ನೊಂದು ಕೆಲಸ ಜಾಸ್ತಿ. ಹೊಸ ಸಿನಿಮಾ ಹಾಡನ್ನೋ ಪಾಪ್ ಹಾಡನ್ನೋ ಟ್ರಂಪೆಟ್, ಟ್ರಾಂಬೋನ್‌ಗೆ ಹೊಂದಿಸಿ ಬರೆದುಕೊಳ್ಳಲು ಪ್ರಕಾಶಕರ ಅನುಮತಿ ತರಬೇಕು. ರೆಕಾರ್ಡನ್ನೇ ಹಾಕಿಬಿಟ್ಟರೆ ಈ ಓಡಾಟ ಇಲ್ಲ.

ಬ್ಯಾಂಡಿಗೆ ಬಾಯಿಯೂ ಇದೆ

ಬ್ಯಾಂಡ್ ಅಂದರೆ ಜನ. ಜನ ತಪ್ಪು ಮಾಡುತ್ತಾರೆ, ಹಟ ಮಾಡುತ್ತಾರೆ. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯ ಮತ್ತು ಸ್ಟ್ಯಾನ್‌ಫರ್ಡ್ ನಡುವಿನ ಮ್ಯಾಚ್‌ನ ಕೊನೇ ಗಳಿಗೆ. ಮ್ಯಾಚ್ ಮುಗಿಯಿತು ಅಂದುಕೊಂಡು ಸ್ಟ್ಯಾನ್‌ಫರ್ಡ್ ಬ್ಯಾಂಡ್ ಮೈದಾನಕ್ಕೆ ನುಗ್ಗಿತು. ಮುಗಿದಿರಲಿಲ್ಲ. ಚೆಂಡು ಹಿಡಿದ ಎದುರಾಳಿ ಬ್ಯಾಂಡಿನ ನಡುವೆಯೇ ನುಸುಳಿ ಓಡಿ ಟಚ್‌ಡೌನ್ ಮಾಡಿ, ಗೆರೆಯಾಚೆ ನಿಂತಿದ್ದ ಟ್ರಾಂಬೋನ್ ವಾದಕನನ್ನು ಕೆಡವಿದ. ಕ್ಯಾಲಿಫೋರ್ನಿಯ 25-20ರಿಂದ ಗೆದ್ದಿತು. ಸ್ಪೀಕರ್ ಇಂಥ ಎಡವಟ್ಟು ಮಾಡುವುದಿಲ್ಲ, ಒಪ್ಪೋಣ.

2020ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಗಂಭೀರ ವಿಷಯ. ಅವರ ಹಾಡು ‘ದಿ ಐಸ್ ಆಫ್ ಟೆಕ್ಸಸ್’ ಮೊದಲು ಕೇಳಿಬಂದದ್ದು 1903ರಲ್ಲಿ, ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಗೇಲಿ ಮಾಡುವ ತರಹದ ಪ್ರದರ್ಶನದಲ್ಲಿ. ಆ ವರ್ಷ ವಿದ್ಯಾರ್ಥಿಗಳು, ಆಟಗಾರರು ಹಾಡು ಬೇಡ ಅಂದರು. ಬ್ಯಾಂಡಿನಲ್ಲಿ ಅದನ್ನು ನುಡಿಸಲು ಒಪ್ಪುವವರು ಸಾಕಷ್ಟು ಸಿಗಲಿಲ್ಲ. ಅಕ್ಟೋಬರ್‌ನ ಒಂದು ಮ್ಯಾಚಿಗೆ ಬ್ಯಾಂಡ್ ಬರಲೇ ಇಲ್ಲ. ಆ ಋತುವಿನಲ್ಲಿ ಹಾಡು ಸ್ಪೀಕರ್‌ನಿಂದ ಮೊಳಗಿತು. ಮರು ವರ್ಷ ವಿಶ್ವವಿದ್ಯಾಲಯ ಒಂದು ದಾರಿ ಹೇಳಿತು. ಮುಖ್ಯ ಬ್ಯಾಂಡ್‌ನಲ್ಲಿದ್ದರೆ ಈ ಹಾಡು ನುಡಿಸಲೇಬೇಕು, ಬೇಡ ಅನ್ನುವವರಿಗೆ ಬೇರೆ ಬ್ಯಾಂಡ್. ಯಾರ ಪರ ನಿಂತರೂ ಸರಿ, ಒಂದು ಮಾತ್ರ ಇಲ್ಲಿ ಕಾಣುತ್ತದೆ. ಬ್ಯಾಂಡ್ ಆಗಲ್ಲ ಅನ್ನಬಲ್ಲದು. ರೆಕಾರ್ಡಿಗೆ ಆ ಮಾತು ಬರುವುದಿಲ್ಲ. ಆಡಳಿತದವರಿಗೆ ಅದೇ ಅನುಕೂಲ.

ಅದೇ 2020ರಲ್ಲಿ ಕೋವಿಡ್‌ನಿಂದಾಗಿ ಎಸ್‌ಇಸಿ ಮ್ಯಾಚ್‌ಗಳಲ್ಲಿ ಬ್ಯಾಂಡ್‌ಗಳು ಮೈದಾನಕ್ಕೆ ಇಳಿಯುವಂತಿರಲಿಲ್ಲ. ಮೈದಾನದಲ್ಲಿ ಬ್ಯಾಂಡ್ ಇಲ್ಲದ ಮ್ಯಾಚ್ ಹೇಗಿರುತ್ತದೆ ಅಂತ ಎಲ್ಲರೂ ನೋಡಿದರು. ಸದ್ದಿಗೆ ಕೊರತೆ ಇರಲಿಲ್ಲ, ರೆಕಾರ್ಡ್ ಇತ್ತು.

ಬ್ಯಾಂಡಿಗಾಗಿಯೇ ಬರುವ ಜನ

ಈ ಜಗಳ ಅಷ್ಟಾಗಿ ತಟ್ಟದ ಜಾಗವೂ ಇದೆ. ಕರಿಯ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ದಕ್ಷಿಣದ ಹಳೆಯ ಕಾಲೇಜುಗಳಲ್ಲಿ ಹಾಫ್‌ಟೈಮ್ ಬಂದರೆ ಯಾರೂ ತಿಂಡಿ ಅಂಗಡಿಗೆ ಏಳುವುದಿಲ್ಲ. ಬ್ಯಾಂಡ್ ನೋಡಲೆಂದೇ ಟಿಕೆಟ್ ಕೊಂಡವರಿರುತ್ತಾರೆ. ಫ್ಲಾರಿಡ ಎ ಆಂಡ್ ಎಂ ಕಾಲೇಜಿನ ಬ್ಯಾಂಡಿಗೆ 1946ರಲ್ಲಿ ವಿಲಿಯಂ ಫಾಸ್ಟರ್ ಮಾಸ್ತರರಾಗಿ ಬಂದರು. ರೇಡಿಯೋದಲ್ಲಿ ಬರುವ ಹಾಡುಗಳನ್ನು ಬ್ಯಾಂಡಿಗೆ ತಂದರು, ಮಂಡಿ ಎದೆಯೆತ್ತರಕ್ಕೆ ಎತ್ತುವ ನಡಿಗೆ, ಕುಣಿತ ಸೇರಿಸಿದರು. 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಮೆರವಣಿಗೆಗೆ ಪ್ಯಾರಿಸ್‌ನಲ್ಲಿ ನಡೆದದ್ದು ಈ ಬ್ಯಾಂಡ್. ಗ್ರಾಂಬ್ಲಿಂಗ್ ಮತ್ತು ಸದರ್ನ್ ಕಾಲೇಜುಗಳು ವರ್ಷಕ್ಕೊಮ್ಮೆ ನ್ಯೂ ಆರ್ಲಿಯನ್ಸ್‌ನಲ್ಲಿ ಆಡುವ ಬೇಯೂ ಕ್ಲಾಸಿಕ್‌ನಲ್ಲಿ ಬ್ಯಾಂಡ್‌ಗಳ ಪೈಪೋಟಿಗೇ ಹಿಂದಿನ ಸಂಜೆ ಮೀಸಲು. 2023ರಲ್ಲಿ ಟೆನೆಸಿ ಸ್ಟೇಟ್ ಬ್ಯಾಂಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಕಾಲೇಜು ಮಾರ್ಚಿಂಗ್ ಬ್ಯಾಂಡ್ ಒಂದಕ್ಕೆ ಅದೇ ಮೊದಲು.

ರೆಕಾರ್ಡಿನ ಹಾಡನ್ನೇ ತೆಗೆದುಕೊಂಡು, ಅದನ್ನು ತಮ್ಮದು ಮಾಡಿಕೊಂಡು, ರೆಕಾರ್ಡಿಗಿಂತ ಜೋರಾಗಿ ನುಡಿಸಿಬಿಡುವುದು ಇವರ ದಾರಿ. ಸದರ್ನ್ ಕಾಲೇಜಿನ ಬ್ಯಾಂಡ್‌ನ ಹೆಸರೇ ‘ಹ್ಯೂಮನ್ ಜೂಕ್‌ಬಾಕ್ಸ್’. ಇವತ್ತು ಹಿಟ್ ಆದ ಹಾಡು ಶನಿವಾರದ ಮ್ಯಾಚಿಗೆ ಬ್ಯಾಂಡಿನಲ್ಲಿ ಬಂದಿರುತ್ತದೆ. ಬೇರೆ ಕಾಲೇಜುಗಳು ಸ್ಪೀಕರ್ ಜೊತೆ ಜಗಳ ಆಡುವ ಬದಲು ಇವರನ್ನು ನೋಡಿ ಕಲಿಯಬಹುದಿತ್ತು ಅನ್ನೋದು ನನ್ನ ಅನಿಸಿಕೆ.

ವೃತ್ತಿಪರ ಫುಟ್‌ಬಾಲ್ ಎತ್ತ ಹೋಯಿತು ಅನ್ನೋದು ಗೊತ್ತೇ ಇದೆ. ಅದರ ಫೈನಲ್ ಪಂದ್ಯವಾದ ಸೂಪರ್ ಬೌಲ್ ಮೊದಲ ಸಲ ನಡೆದ 1967ರಲ್ಲಿ, ಅದರ ಹಾಫ್‌ಟೈಮ್‌ನಲ್ಲಿ ನುಡಿಸಿದ್ದು ಗ್ರಾಂಬ್ಲಿಂಗ್ ಮತ್ತು ಅರಿಜೋನ ಕಾಲೇಜು ಬ್ಯಾಂಡ್‌ಗಳು. 1993ರಲ್ಲಿ ಮೈಕೆಲ್ ಜಾಕ್ಸನ್ ಬಂದ. ಅಲ್ಲಿಂದ ಅದು ತಾರೆಯರ ವೇದಿಕೆಯಾಯಿತು. 2014ರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ ಗಿಟಾರ್‌ಗಳಿಗೆ ವೈರೇ ಚುಚ್ಚಿರಲಿಲ್ಲ ಅಂತ ಜನ ಕಂಡುಹಿಡಿದರು. ವಾದ್ಯದ ಸದ್ದು ಮೊದಲೇ ರೆಕಾರ್ಡ್ ಮಾಡಿದ್ದು ಅಂತ ತಂಡದವರೇ ಒಪ್ಪಿಕೊಂಡರು. ಕೆಲವೇ ನಿಮಿಷದಲ್ಲಿ ವೇದಿಕೆ ಕಟ್ಟಿ ಬಿಚ್ಚುವ ಕಡೆ ನಿಜವಾಗಿ ನುಡಿಸುವುದು ತುಂಬ ಅಪಾಯ. ಅದನ್ನು ಪ್ರತಿ ಶನಿವಾರ, ಮಳೆಯಲ್ಲೂ, ಕಾಲೇಜು ಮಕ್ಕಳು ಮಾಡುತ್ತಾರೆ.

ಪರ್ಡ್ಯೂಗೋ ಒಹಾಯೊಗೋ ಓದಲು ಹೋದವರು ಒಂದು ಮ್ಯಾಚಿಗಾದರೂ ಹೋಗಿಬನ್ನಿ. ಟಿಕೆಟ್ ತೆಗೆದುಕೊಳ್ಳುವಾಗ ಒಂದು ವಿಷಯ ಗಮನಿಸಿ. ಹಾಫ್‌ಟೈಮ್ ಶೋ ಅನ್ನು ಹೆಚ್ಚಾಗಿ ಪತ್ರಕರ್ತರ ಕೋಣೆ ಇರುವ ಕಡೆಗೆ ಮುಖ ಮಾಡಿ ಕಟ್ಟಿರುತ್ತಾರೆ. ಸದ್ದೂ ಆ ಕಡೆಗೇ ಬರುತ್ತದೆ. ಕೆಳಗಿನ ಸಾಲಿನ ದುಬಾರಿ ಸೀಟಿನಲ್ಲಿ ಕೂತರೆ ಬೆನ್ನು, ಟೋಪಿ ಬಿಟ್ಟು ಏನೂ ಕಾಣಲ್ಲ. ಅಕ್ಷರ, ಆಕಾರ ಓದಿಕೊಳ್ಳಬೇಕು ಅಂದರೆ ಆ ಕಡೆಯ ಮೇಲಿನ ಸಾಲೇ ಸರಿ. ಅಲ್ಲಿ ಟಿಕೆಟ್ ಸಾಮಾನ್ಯವಾಗಿ ಅಗ್ಗ. ತಿಂಡಿಗೆ ಎರಡನೇ ಕ್ವಾರ್ಟರ್ ಮುಗಿಯುವ ಮುಂಚೆಯೇ ಎದ್ದು ಹೋಗಿ ಬನ್ನಿ, ಆಗ ಕ್ಯೂ ಕಡಿಮೆ ಇರುತ್ತದೆ.